ಕೈಬಲದ ಸ್ಟಿಯರಿಂಗ್

ಸ್ಪೋರ್ಟ್ಸ್ ಕಾರಿನ ಪವರ್ ಸ್ಟಿಯರಿಂಗ್ ಕಳಚಿ, ಚಾಲಕನ ಕೈಬಲದಿಂದಲೇ ತಿರುಗುವ ಮ್ಯಾನ್ಯುಯಲ್ ಸ್ಟಿಯರಿಂಗ್ ಕೂರಿಸುವವರು ಬಯಸುವುದು ಒಂದೇ ಸಂಗತಿ. ಮುಂದಿನ ಟೈರು ರಸ್ತೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬ ಸುದ್ದಿ ಅಂಗೈಗೆ ನೇರವಾಗಿ ಬರಬೇಕು. ಪವರ್ ಸ್ಟಿಯರಿಂಗ್ ಶ್ರಮವನ್ನು ತಗ್ಗಿಸುತ್ತದೆ. ಜೊತೆಯಲ್ಲಿ ಆ ಸುದ್ದಿಯನ್ನೂ ತಗ್ಗಿಸುತ್ತದೆ. ಶ್ರಮ ಹೆಚ್ಚಾದರೂ ಚಿಂತೆಯಿಲ್ಲ, ಸುದ್ದಿ ಬೇಕು ಎನ್ನುವವರಿಗಾಗಿ ಇರುವ ಮಾರ್ಪಾಡು ಇದು.

ಸಕಲೇಶಪುರದಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿರುವ ಹಾನುಬಾಳಿನಂಥ ಊರಿನಲ್ಲಿ ಈ ಸುದ್ದಿಗೆ ಬೆಲೆಯಿದೆ. ರಸ್ತೆಯ ಎರಡೂ ಬದಿ ಕಾಫಿ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಡಾಂಬರಿನ ಮೇಲೆ ನೆರಳು ಮರಗಳ ಎಲೆ ಬಿದ್ದು ಕೊಳೆಯುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ ಪಾಚಿ ಕಟ್ಟುತ್ತದೆ. ತೋಟದ ಗೇಟಿನಿಂದ ಹೊರಬರುವ ಟ್ರ್ಯಾಕ್ಟರುಗಳು ಕೆಂಪು ಕೆಸರನ್ನು ರಸ್ತೆಗೆ ಎಳೆದು ತರುತ್ತವೆ. ಒಂದೇ ತಿರುವಿನಲ್ಲಿ ಟೈರಿನ ಹಿಡಿತ ಎರಡು ಮೂರು ಬಾರಿ ಬದಲಾಗಬಹುದು. ಇಂಥ ಕಡೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುವುದು ದೊಡ್ಡ ಅನುಕೂಲ.

ಮ್ಯಾನ್ಯುಯಲ್ ಸ್ಟಿಯರಿಂಗ್ ಎಂದೊಡನೆ ಮಲೆನಾಡಿನ ಕೇಳುಗರಿಗೆ ನೆನಪಾಗುವುದು ಜೀಪು. ಮಹೀಂದ್ರಾ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ತಂದು ಜೋಡಿಸಲು ಹೊರಟದ್ದು 1940ರ ದಶಕದ ಕೊನೆಯಲ್ಲಿ. ಅಲ್ಲಿಂದ ಮುಂದೆ ಕಾಫಿ ತೋಟಗಳಲ್ಲಿ ಆಳು, ಗೊಬ್ಬರ, ಕಾಫಿ ಮೂಟೆ ಎಲ್ಲಕ್ಕೂ ಜೀಪೇ ಆಯಿತು. ಅದರ ಸ್ಟಿಯರಿಂಗಿಗೆ ಪಂಪು ಇರಲಿಲ್ಲ, ಎಣ್ಣೆಯ ಒತ್ತಡದ ಸಹಾಯವೂ ಇರಲಿಲ್ಲ. ಸಹಾಯಕ್ಕಿದ್ದದ್ದು ಮೂರು ಸರಳ ಉಪಾಯ. ಸ್ಟಿಯರಿಂಗ್ ಚಕ್ರ ದೊಡ್ಡದು, ಅಡ್ಡಳತೆ ಹೆಚ್ಚುಕಡಿಮೆ 43 ಸೆಂಟಿಮೀಟರ್. ಟೈರು ಕಿರಿದು, ಅಗಲ ಸುಮಾರು 15 ಸೆಂಟಿಮೀಟರ್. ಸ್ಟಿಯರಿಂಗ್ ಬಾಕ್ಸಿನ ಒಳಗೆ ಸುರುಳಿಯಾಕಾರದ ತೋಡು ಕೊರೆದ ದಂಡ, ಆ ತೋಡಿನಲ್ಲಿ ಸರಿಯುವ ಲೀವರು.

ಹಾಗಾದರೆ ಸ್ಪೋರ್ಟ್ಸ್ ಕಾರನ್ನು ಮ್ಯಾನ್ಯುಯಲ್ ಮಾಡಿದರೆ ಅದೂ ಜೀಪಿನಂತೆಯೇ ಆಗುತ್ತದೆಯೇ? ಆಗುವುದಿಲ್ಲ. ಜೀಪಿನ ಬಾಕ್ಸು ಚಾಲಕನ ಬಲವನ್ನು ಚಕ್ರಕ್ಕೆ ಸಲೀಸಾಗಿ ಕೊಡುತ್ತದೆ, ಚಕ್ರದ ಬಲವನ್ನು ಚಾಲಕನಿಗೆ ಅಷ್ಟು ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಒಳಗಿನ ಉಜ್ಜಾಟವೇ ಅದನ್ನು ತಡೆಯುತ್ತದೆ. ಕಲ್ಲುದಾರಿಯ ಹೊಡೆತ ಬಹುಪಾಲು ಬಾಕ್ಸಿನಲ್ಲೇ ನಿಲ್ಲುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿರುವುದು ರ್‍ಯಾಕ್ ಅಂಡ್ ಪಿನಿಯನ್. ಅಡ್ಡಲಾಗಿ ಮಲಗಿದ, ಹಲ್ಲು ಕೊರೆದ ಒಂದು ಸರಳು, ಅದು ರ್‍ಯಾಕ್. ಅದರ ಹಲ್ಲಿಗೆ ಹಲ್ಲು ಕೊಟ್ಟು ತಿರುಗುವ ಸಣ್ಣ ಹಲ್ಲುಚಕ್ರ, ಅದು ಪಿನಿಯನ್. ಪಿನಿಯನ್ ತಿರುಗಿದರೆ ಸರಳು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಸರಳಿನ ಎರಡು ತುದಿಗೆ ಟೈ ರಾಡ್, ಟೈ ರಾಡಿನಿಂದ ಚಕ್ರಕ್ಕೆ. ಈ ವ್ಯವಸ್ಥೆಯಲ್ಲಿ ಬಲ ಎರಡು ದಿಕ್ಕಿಗೂ ಸುಲಭವಾಗಿ ಹರಿಯುತ್ತದೆ. ಕೈಯಿಂದ ಚಕ್ರಕ್ಕೆ ಹೋಗುವಷ್ಟೇ ನೇರವಾಗಿ ಚಕ್ರದಿಂದ ಕೈಗೂ ಬರುತ್ತದೆ. ಮಾರುತಿ 800ರ ಸಾದಾ ಸ್ಟಿಯರಿಂಗಿನಲ್ಲಿ ಇದ್ದದ್ದು ಇದೇ. ಆ ಕಾರಿನ ತೂಕ ಸುಮಾರು 650 ಕಿಲೋ. ಟೈರಿನ ಅಗಲ ಹದಿನಾಲ್ಕೂವರೆ ಸೆಂಟಿಮೀಟರ್. ಅಷ್ಟು ಹಗುರವಾದ ಗಾಡಿಗೆ ಪಂಪಿನ ಅಗತ್ಯವೇ ಬೀಳಲಿಲ್ಲ.

ಜೀಪಿನ ಬಾಕ್ಸು ಬೇರೆ, ಕಾರಿನ ರ್‍ಯಾಕ್ ಬೇರೆ ಎಂದಾಯಿತು. ಇನ್ನು ರ್‍ಯಾಕಿಗೆ ಎಣ್ಣೆಯ ಸಹಾಯ ಸೇರುವ ಬಗೆ ನೋಡಬೇಕು. ಕಳಚುವ ಮೊದಲು ಅದು ತಿಳಿದಿರಬೇಕು.

ಎಂಜಿನ್ನಿನಿಂದ ಒಂದು ಬೆಲ್ಟ್ ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಿ ರ್‍ಯಾಕಿಗೆ ಕಳಿಸುತ್ತದೆ. ಪೂರ್ಣ ಬಲದಲ್ಲಿ ಆ ಒತ್ತಡ ಟೈರಿನ ಗಾಳಿಯ ಒತ್ತಡದ ಸುಮಾರು 30 ಪಟ್ಟು ಅಥವಾ ಅದಕ್ಕೂ ಹೆಚ್ಚು. ರ್‍ಯಾಕಿನ ಸುತ್ತ ಕೊಳವೆಯಿದೆ. ಸರಳಿನ ಮೇಲೆ ಒಂದು ಪಿಸ್ಟನ್ ಇದೆ. ಎಣ್ಣೆ ಪಿಸ್ಟನ್ನಿನ ಎಡಕ್ಕೆ ಹೋದರೆ ಸರಳು ಬಲಕ್ಕೆ ತಳ್ಳಿಸಿಕೊಳ್ಳುತ್ತದೆ, ಬಲಕ್ಕೆ ಹೋದರೆ ಎಡಕ್ಕೆ. ಎಣ್ಣೆ ಯಾವ ಕಡೆಗೆ ಹೋಗಬೇಕೆಂದು ತೀರ್ಮಾನಿಸುವುದು ಪಿನಿಯನ್ನಿನ ಮೇಲಿರುವ ವಾಲ್ವ್. ಆ ವಾಲ್ವಿನ ಒಳಗೆ ಟಾರ್ಷನ್ ಬಾರ್ ಎಂಬ ತೆಳುವಾದ ಉಕ್ಕಿನ ಕಡ್ಡಿ ಇದೆ. ಒದ್ದೆ ಬಟ್ಟೆ ಹಿಂಡುವಾಗ ಒಂದು ತುದಿ ಮುಂದೆ ಹೋಗಿ ಇನ್ನೊಂದು ತುದಿ ಹಿಂದುಳಿಯುವಂತೆ, ಚಾಲಕ ತಿರುಗಿಸಿದಾಗ ಈ ಕಡ್ಡಿ ಕೊಂಚ ತಿರುಚಿಕೊಳ್ಳುತ್ತದೆ. ಆ ತಿರುಚಿನಿಂದ ವಾಲ್ವಿನ ದಾರಿ ತೆರೆಯುತ್ತದೆ. ಚಕ್ರಕ್ಕೆ ಹೆಚ್ಚು ತಡೆ ಬಂದಷ್ಟೂ ಕಡ್ಡಿ ಹೆಚ್ಚು ತಿರುಚುತ್ತದೆ, ಸಹಾಯವೂ ಹೆಚ್ಚುತ್ತದೆ. ಚಾಲಕನ ಕೈಗೆ ತಾಕುವುದು ಈ ಕಡ್ಡಿಯ ತಿರುಚು ಮಾತ್ರ. ಟೈರಿನ ಪೂರ್ತಿ ಬಲ ಅವನಿಗೆ ತಾಕುವುದಿಲ್ಲ.

ಈ ಉಪಾಯಕ್ಕೆ ವಯಸ್ಸಾಗಿದೆ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರ ಹೊತ್ತಿಗೇ ಇದನ್ನು ಕಾರಿಗೆ ಅಳವಡಿಸಿ ತೋರಿಸಿದ್ದ. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಸ್ಪೋರ್ಟ್ಸ್ ಕಾರುಗಳು ಇನ್ನೂ ಬಹುಕಾಲ ದೂರವೇ ಉಳಿದವು. ಪೋರ್ಷೆ 911ಕ್ಕೆ ಪವರ್ ಸ್ಟಿಯರಿಂಗ್ ಸಿಕ್ಕಿದ್ದು 1989ರ ಸುಮಾರಿಗೆ. 1990ರ ಹೋಂಡಾ ಎನ್‌ಎಸ್‌ಎಕ್ಸ್ ಕೈಯಿಂದ ಗೇರು ಹಾಕುವ ಮಾದರಿಯಲ್ಲಿ ಸಹಾಯವಿಲ್ಲದ ಸ್ಟಿಯರಿಂಗ್ ಇಟ್ಟುಕೊಂಡೇ ಹೊರಬಂತು. 1996ರ ಲೋಟಸ್ ಎಲೀಸ್, 2013ರ ಆಲ್ಫಾ ರೋಮಿಯೊ 4ಸಿ ಕೂಡ ಹಾಗೆಯೇ. ಇವುಗಳಲ್ಲಿ ಎಂಜಿನ್ ಹಿಂದೆ ಇದೆ, ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆ. ಎಂಜಿನ್ ಮುಂದಿದ್ದರೂ ಹಗುರವಾಗಿರುವ ಕಾರು ಮಜ್ದಾ ಎಂಎಕ್ಸ್-5. ಅದರ 1989ರ ಮೊದಲ ಮಾದರಿ ಸುಮಾರು ಒಂದು ಟನ್ನಿನ ಒಳಗಿತ್ತು. ಕಾರ್ಖಾನೆಯೇ ಅದಕ್ಕೆ ಎರಡು ಬಗೆಯ ಸ್ಟಿಯರಿಂಗ್ ಕೊಡುತ್ತಿತ್ತು. ಹೀಗಾಗಿ ಈ ಮಾರ್ಪಾಡನ್ನು ಅಳೆದು ನೋಡಲು ಅದು ಒಳ್ಳೆಯ ಉದಾಹರಣೆ. ಮುಂದಿನ ಅಂಕಿಗಳು ಆ ಕಾರಿನವು.

ಪಂಪು ತೆಗೆದರೆ ಉಳಿತಾಯವಾಗುವ ತೂಕ ಕೆಲವೇ ಕಿಲೋ. ಉಳಿಯುವ ಶಕ್ತಿ ಒಂದೆರಡು ಅಶ್ವಶಕ್ತಿ. ಇವೆರಡಕ್ಕಾಗಿ ಸ್ಟಿಯರಿಂಗ್ ಬಿಚ್ಚುವುದು ದಂಡ. ನಿಜವಾದ ಲಾಭ ಬೇರೆಯದು, ಅದು ಟೈರಿನ ವರ್ತನೆಯಲ್ಲಿದೆ.

ಕಾರು ತಿರುವಿನಲ್ಲಿರುವಾಗ ಟೈರು ನೆಲವನ್ನು ತಾಕುವ ಭಾಗ ಪಕ್ಕಕ್ಕೆ ಎಳೆಸಿಕೊಳ್ಳುತ್ತದೆ. ಆ ಎಳೆತದ ಬಲ ನಡುವಿನಲ್ಲಿ ಬೀಳುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ಚಕ್ರ ತಾನೇ ನೇರವಾಗಲು ಯತ್ನಿಸುತ್ತದೆ. ಕೈಗೆ ಅದು ಭಾರವಾಗಿ ತಾಕುತ್ತದೆ. ವೇಗ ಏರಿದಂತೆ ಭಾರವೂ ಏರುತ್ತದೆ. ಆದರೆ ಟೈರು ತನ್ನ ಮಿತಿಯ ಹತ್ತಿರ ಬಂದಾಗ ತಾಕುವ ಭಾಗದ ಹಿಂಬದಿ ಮೊದಲು ಜಾರತೊಡಗುತ್ತದೆ. ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ನೇರವಾಗುವ ಯತ್ನ ಕುಗ್ಗುತ್ತದೆ. ಹಿಡಿತ ಪೂರ್ತಿ ಮುಗಿಯುವ ಮೊದಲೇ ಸ್ಟಿಯರಿಂಗ್ ಹಗುರವಾಗುತ್ತದೆ. ಟೈರು ಕೊಡುವ ಮುನ್ನೆಚ್ಚರಿಕೆ ಇದೇ. ಪಾಚಿ ಕಟ್ಟಿದ ತಿರುವಿನಲ್ಲಿ, ಕೆಸರು ಬಿದ್ದ ಇಳಿಜಾರಿನಲ್ಲಿ ಈ ಹಗುರವನ್ನು ಗುರುತಿಸಿದ ಚಾಲಕ ಕಾಲನ್ನು ಸಡಿಲಿಸಲು ಸಮಯ ಪಡೆಯುತ್ತಾನೆ. ಹೆಚ್ಚು ಸಹಾಯ ಕೊಡುವ ಪವರ್ ಸ್ಟಿಯರಿಂಗಿನಲ್ಲಿ ಎಲ್ಲವೂ ಮೊದಲೇ ಹಗುರ, ಆದ್ದರಿಂದ ಈ ಇಳಿತ ಮಸುಕಾಗುತ್ತದೆ. ಎಲ್ಲ ಪವರ್ ಸ್ಟಿಯರಿಂಗುಗಳೂ ಹೀಗಲ್ಲ. ಚೆನ್ನಾಗಿ ಹೊಂದಿಸಿದ ಎಣ್ಣೆಯ ಸ್ಟಿಯರಿಂಗು ಸುದ್ದಿಯನ್ನು ಸಾಕಷ್ಟು ಬಿಟ್ಟುಕೊಡುತ್ತದೆ. ಅಂಥ ಕಾರನ್ನು ಮುಟ್ಟದಿರುವುದೇ ಲೇಸು.

ಕೇಳುಗರೇ, ಇಷ್ಟರಲ್ಲಿ ಎರಡು ಸಂಗತಿ ಸ್ಪಷ್ಟವಾಗಿರಬೇಕು. ಸಹಾಯ ಬರುವುದು ಪಂಪು, ವಾಲ್ವ್, ಪಿಸ್ಟನ್ ಈ ಮೂರರಿಂದ. ತೆಗೆಯುವುದರ ಲಾಭ ಟೈರಿನ ಸುದ್ದಿ. ಇನ್ನು ತೆಗೆಯುವ ವಿಧಾನ.

ಎಲ್ಲಕ್ಕಿಂತ ಸುಲಭದ್ದು, ಎಲ್ಲಕ್ಕಿಂತ ಕೆಟ್ಟದ್ದು, ಬೆಲ್ಟ್ ಒಂದನ್ನು ಕಳಚಿಬಿಡುವುದು. ಪಂಪು ನಿಲ್ಲುತ್ತದೆ, ಎಣ್ಣೆ ಒಳಗೇ ಇರುತ್ತದೆ. ಚಾಲಕ ತಿರುಗಿಸಿದಾಗಲೆಲ್ಲ ಪಿಸ್ಟನ್ ಆ ಎಣ್ಣೆಯನ್ನು ಕಿರಿದಾದ ದಾರಿಗಳಲ್ಲಿ ತಳ್ಳಬೇಕು. ಆ ಶ್ರಮವೂ ಕೈಯದೇ. ಕೆಟ್ಟುನಿಂತ ಕಾರನ್ನು ಹಗ್ಗ ಕಟ್ಟಿ ಎಳೆಸಿದವರಿಗೆ ಈ ಭಾರ ಗೊತ್ತು. ಕೆಲವು ಕಾರುಗಳಲ್ಲಿ ಅದೇ ಬೆಲ್ಟ್ ಎಸಿಯನ್ನೋ ನೀರಿನ ಪಂಪನ್ನೋ ತಿರುಗಿಸುತ್ತದೆ. ನೀರಿನ ಪಂಪು ನಿಂತರೆ ಎಂಜಿನ್ ಸುಡುತ್ತದೆ.

ಎರಡನೆಯ ವಿಧಾನದಲ್ಲಿ ಪಂಪು ಮತ್ತು ಎಣ್ಣೆಯ ಡಬ್ಬಿ ತೆಗೆದು, ಎಣ್ಣೆಯನ್ನು ಹೊರಕ್ಕೆ ಸುರಿದು, ರ್‍ಯಾಕಿನ ಎರಡು ಬದಿಗೆ ಎಣ್ಣೆ ತರುತ್ತಿದ್ದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಪಿಸ್ಟನ್ನಿನ ಒಂದು ಕಡೆಯ ಗಾಳಿ ಇನ್ನೊಂದು ಕಡೆಗೆ ಓಡಾಡುತ್ತದೆ. ಭಾರ ಕೊಂಚ ತಗ್ಗುತ್ತದೆ. ಆದರೆ ಪಿಸ್ಟನ್ನಿನ ಸೀಲ್ ಕೊಳವೆಯ ಗೋಡೆಗೆ ಉಜ್ಜುತ್ತಲೇ ಇರುತ್ತದೆ. ನಯವಾಗಿಸುತ್ತಿದ್ದ ಎಣ್ಣೆಯೂ ಈಗ ಇಲ್ಲ. ಟಾರ್ಷನ್ ಬಾರ್ ಹಾಗೆಯೇ ಉಳಿದಿದೆ. ಕೈ ತಿರುಗಿಸಿದಾಗ ಕಡ್ಡಿ ಮೊದಲು ತಿರುಚಿ, ಅದರ ಮಿತಿಗೆ ತಾಕಿ, ಆಮೇಲೆ ಪಿನಿಯನ್ ತಿರುಗುತ್ತದೆ. ನೇರ ದಾರಿಯಲ್ಲಿ ಇದು ಸ್ಟಿಯರಿಂಗ್ ಪ್ಲೇಯಂತೆ, ಅಂದರೆ ಸಡಿಲಾಟದಂತೆ ಅನಿಸುತ್ತದೆ. ಯಾವ ಸುದ್ದಿಗಾಗಿ ಕೆಲಸ ಹಚ್ಚಿಕೊಂಡರೋ ಆ ಸುದ್ದಿಯೇ ಇಲ್ಲಿ ಮಬ್ಬಾಗುತ್ತದೆ.

ಮೂರನೆಯದು ರ್‍ಯಾಕನ್ನು ಪೂರ್ತಿ ಬಿಚ್ಚುವ ವಿಧಾನ. ಅದನ್ನು ಗಾಡಿಯಿಂದ ಇಳಿಸಿ, ಒಳಗಿನ ಎಣ್ಣೆ ತೊಳೆದು, ಪಿಸ್ಟನ್ನಿನ ಸೀಲ್ ತೆಗೆಯುತ್ತಾರೆ. ಸರಳಿಗೆ, ಹಲ್ಲಿಗೆ, ಬೇರಿಂಗಿಗೆ ತಕ್ಕ ಗ್ರೀಸು ತುಂಬುತ್ತಾರೆ. ಟಾರ್ಷನ್ ಬಾರಿನ ಆಟ ನಿಲ್ಲಿಸಲು ಮೇಲಿನ ದಂಡವನ್ನೂ ಪಿನಿಯನ್ನನ್ನೂ ಒಂದಾಗಿ ಬೆಸೆಯುತ್ತಾರೆ. ಎಲ್ಲಕ್ಕಿಂತ ಎಚ್ಚರ ಬೇಕಾದ ಹೆಜ್ಜೆ ಇದು. ಪಿನಿಯನ್ನಿನ ಹಲ್ಲಿಗೆ ಕಾರ್ಖಾನೆಯಲ್ಲಿ ಶಾಖ ಕೊಟ್ಟು ಗಡಸು ತಂದಿರುತ್ತಾರೆ. ವೆಲ್ಡಿಂಗಿನ ಕಾವು ಅಲ್ಲಿಗೆ ಹರಿದರೆ ಆ ಗಡಸು ಕೆಡುತ್ತದೆ, ಅಥವಾ ಬೆಸುಗೆಯ ಅಂಚಿನಲ್ಲಿ ಲೋಹ ಪೆಡಸಾಗಿ ಬಿರುಕಿಗೆ ದಾರಿಯಾಗುತ್ತದೆ. ಗೇಟು, ಕಿಟಕಿ ಬೆಸೆಯುವ ಸಾಮಾನ್ಯ ವೆಲ್ಡಿಂಗ್ ಅಂಗಡಿಯ ಕೆಲಸ ಇದಲ್ಲ. ಸ್ಟಿಯರಿಂಗ್ ದಂಡ ತುಂಡಾದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈ ಭಾಗದ ಬಗ್ಗೆ ಅನುಭವವಿರುವ, ಯಂತ್ರದ ಭಾಗಗಳನ್ನೇ ಬೆಸೆಯುವ ಕಾರ್ಯಾಗಾರ ಸಿಗದಿದ್ದರೆ ಈ ವಿಧಾನವನ್ನು ಕೈಬಿಡಬೇಕು.

ನಾಲ್ಕನೆಯದೇ ಸರಿಯಾದ ವಿಧಾನ. ತಯಾರಕರು ಅದೇ ಮಾದರಿಗೆ ಮಾಡಿದ ಮ್ಯಾನ್ಯುಯಲ್ ರ್‍ಯಾಕನ್ನೇ ತಂದು ಕೂರಿಸುವುದು. ಬೆಸುಗೆಯಿಲ್ಲ, ಟಾರ್ಷನ್ ಬಾರ್ ಇಲ್ಲ, ಪಿಸ್ಟನ್ ಇಲ್ಲ. ಇದಕ್ಕೂ ದೊಡ್ಡ ಲಾಭ ಹಲ್ಲಿನ ಅನುಪಾತದಲ್ಲಿದೆ. ಎಂಎಕ್ಸ್-5ರ ಪವರ್ ರ್‍ಯಾಕಿನಲ್ಲಿ ಅನುಪಾತ ಸುಮಾರು 15. ಸ್ಟಿಯರಿಂಗ್ 15 ಡಿಗ್ರಿ ತಿರುಗಿದರೆ ಮುಂದಿನ ಚಕ್ರ ಒಂದು ಡಿಗ್ರಿ ತಿರುಗುತ್ತದೆ ಎಂದರ್ಥ. ಮ್ಯಾನ್ಯುಯಲ್ ರ್‍ಯಾಕಿನಲ್ಲಿ ಅದು ಸುಮಾರು 18. ಕೈ ಹೆಚ್ಚು ದೂರ ಓಡಾಡುತ್ತದೆ, ಬದಲಿಗೆ ಬೇಕಾಗುವ ಬಲ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಬಿಚ್ಚಿ ಬೆಸೆದ ಪವರ್ ರ್‍ಯಾಕಿನಲ್ಲಿ ಅನುಪಾತ 15ರಲ್ಲೇ ನಿಲ್ಲುತ್ತದೆ. ಅದು ಚುರುಕು, ಆದರೆ ಭಾರ. ಓಟದ ಟ್ರ್ಯಾಕಿನಲ್ಲಿ ಚುರುಕು ಬೇಕೆನ್ನುವವರು ಅದನ್ನೇ ಇಷ್ಟಪಡುತ್ತಾರೆ. ಹೇರ್‌ಪಿನ್ ತಿರುವಿನ ಮೇಲೆ ಹೇರ್‌ಪಿನ್ ಬರುವ ಘಟ್ಟದ ರಸ್ತೆಗೆ 18ರ ರ್‍ಯಾಕೇ ಹೊಂದುತ್ತದೆ. ತಯಾರಕರ ಮ್ಯಾನ್ಯುಯಲ್ ರ್‍ಯಾಕ್ ಇಲ್ಲದ ಕಾರಿಗೆ ಈ ಮಾರ್ಪಾಡೇ ಬೇಡ ಎನ್ನುವುದು ಕಟುವಾಗಿ ಕೇಳಿಸಬಹುದು. ಆದರೂ ರಸ್ತೆಯ ಮೇಲಿನ ಇತರರ ದೃಷ್ಟಿಯಿಂದ ಅದೇ ನ್ಯಾಯ.

ರ್‍ಯಾಕ್ ಬದಲಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಚಕ್ರಗಳ ನಿಲುವನ್ನೂ ಹೊಸದಾಗಿ ಹೊಂದಿಸಬೇಕು. ಇಲ್ಲಿ ಮುಖ್ಯವಾದದ್ದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಓರೆಯಾಗಿರುತ್ತದಲ್ಲ, ಕಾರಿನ ಮುಂದಿನ ಚಕ್ರ ತಿರುಗುವ ಅಕ್ಷಕ್ಕೂ ಅಂಥ ಓರೆ ಇರುತ್ತದೆ. ಆ ಓರೆಯೇ ಕ್ಯಾಸ್ಟರ್. ಅದು ಹೆಚ್ಚಿದ್ದರೆ ನೇರ ದಾರಿಯಲ್ಲಿ ಕಾರು ಸ್ಥಿರ, ಸ್ಟಿಯರಿಂಗ್ ತಾನೇ ಹಿಂದಕ್ಕೆ ಬರುತ್ತದೆ, ಆದರೆ ತಿರುಗಿಸಲು ಭಾರ. ಪವರ್ ಸ್ಟಿಯರಿಂಗ್ ಇರುವ ಕಾರಿನಲ್ಲಿ ಭಾರದ ಚಿಂತೆ ಇಲ್ಲದ್ದರಿಂದ ಕ್ಯಾಸ್ಟರನ್ನು ಧಾರಾಳವಾಗಿ ಕೊಡಬಹುದು. ಸಹಾಯ ತೆಗೆದ ಮೇಲೆ ಅದನ್ನು ಒಂದೆರಡು ಡಿಗ್ರಿ ತಗ್ಗಿಸುವುದು ವಾಡಿಕೆ. ಇದರಿಂದ ಇನ್ನೊಂದು ಉಪಯೋಗವೂ ಇದೆ. ಕ್ಯಾಸ್ಟರಿನ ಭಾರ ಟೈರು ಜಾರಿದರೂ ಉಳಿಯುತ್ತದೆ. ಅದು ಅತಿಯಾದರೆ, ಮೇಲೆ ಹೇಳಿದ ಟೈರಿನ ಮುನ್ನೆಚ್ಚರಿಕೆ ಅದರಡಿ ಮುಚ್ಚಿಹೋಗುತ್ತದೆ. ತೀರಾ ತಗ್ಗಿಸಿದರೆ ವೇಗದಲ್ಲಿ ಕಾರು ಅಲೆದಾಡುತ್ತದೆ. ಅಲೈನ್‌ಮೆಂಟ್ ಯಂತ್ರವಿರುವ ಕಡೆ, ಹಾಸನದಂಥ ಪಟ್ಟಣದಲ್ಲಿ, ಅಳೆದು ಮಾಡಿಸಬೇಕಾದ ಕೆಲಸ ಇದು.

ಕ್ಯಾಸ್ಟರಿನ ಜೊತೆ ಟೈರಿನ ಅಗಲವನ್ನೂ ನೋಡಬೇಕು. ಅಂದಕ್ಕಾಗಿ ಹಾಕಿಸಿದ ಅಗಲದ ಟೈರು, ಹೊರಕ್ಕೆ ಚಾಚಿದ ಅಲಾಯ್ ಚಕ್ರ, ಎರಡೂ ಕೈಬಲದ ಸ್ಟಿಯರಿಂಗಿಗೆ ಶತ್ರು. ಹೊರಕ್ಕೆ ಚಾಚಿದಷ್ಟೂ ಗುಂಡಿಯ ಹೊಡೆತಕ್ಕೆ ಹೆಚ್ಚು ಸನ್ನೆಗೋಲಿನ ಬಲ ಸಿಗುತ್ತದೆ. ಟೈರಿನ ಗಾಳಿ ಕಡಿಮೆಯಾದರೂ ಸ್ಟಿಯರಿಂಗ್ ಗಟ್ಟಿಯಾಗುತ್ತದೆ. 35 ಸೆಂಟಿಮೀಟರ್ ಸ್ಟಿಯರಿಂಗ್ ಚಕ್ರದ ಬದಲು 38ರದ್ದು ಹಾಕಿದರೆ ಬೇಕಾಗುವ ಬಲ ನೂರಕ್ಕೆ ಸುಮಾರು ಎಂಟು ಪಾಲು ಇಳಿಯುತ್ತದೆ.

ರ್‍ಯಾಕ್ ಆಯಿತು, ಕ್ಯಾಸ್ಟರ್ ಆಯಿತು, ಟೈರು ಆಯಿತು. ಈಗ ಓಡಿಸುವ ರೀತಿ. ನಿಂತ ಕಾರಿನ ಸ್ಟಿಯರಿಂಗನ್ನು ತಿರುಗಿಸಬಾರದು. ಚಕ್ರ ಉರುಳುತ್ತಿದ್ದರೆ, ನಡಿಗೆಯ ವೇಗವಿದ್ದರೂ ಸಾಕು, ಭಾರ ಬಹಳಷ್ಟು ಇಳಿಯುತ್ತದೆ. ತೋಟದ ಕಿರಿದಾದ ಗೇಟಿನ ಮುಂದೆ ರಿವರ್ಸ್ ತೆಗೆಯುವಾಗ ಇದು ಚೆನ್ನಾಗಿ ಅರಿವಾಗುತ್ತದೆ. ಎರಡನೆಯದು ಹೆಬ್ಬೆರಳು. ಹಳೆಯ ಜೀಪು ಓಡಿಸುವವರು ಹೆಬ್ಬೆರಳನ್ನು ಸ್ಟಿಯರಿಂಗಿನ ಒಳಕ್ಕೆ ಸುತ್ತದೆ ಅಂಚಿನ ಮೇಲೇ ಇಡುತ್ತಾರೆ. ಚಕ್ರ ಕಲ್ಲಿಗೆ ಬಡಿದರೆ ಸ್ಟಿಯರಿಂಗ್ ತಟ್ಟನೆ ತಿರುಗಿ ಅದರ ಕಡ್ಡಿ ಬೆರಳನ್ನು ಮುರಿಯಬಹುದು. ಜೀಪಿನ ಬಾಕ್ಸು ಹೊಡೆತವನ್ನು ಬಹುಪಾಲು ನುಂಗುತ್ತದೆ ಎಂದು ಮೊದಲೇ ಹೇಳಿದ್ದಾಯಿತು. ಅಂಥ ಜೀಪಿನಲ್ಲೇ ಈ ಎಚ್ಚರ ಬೇಕಾದರೆ ಏನನ್ನೂ ನುಂಗದ ರ್‍ಯಾಕಿನಲ್ಲಿ ಇನ್ನೂ ಹೆಚ್ಚು ಬೇಕು. ಪವರ್ ಸ್ಟಿಯರಿಂಗಿನಲ್ಲಿ ಆ ಹೊಡೆತವನ್ನು ಎಣ್ಣೆ ತಡೆಯುತ್ತಿತ್ತು. ಮಳೆಗಾಲ ಕಳೆದ ಮೇಲೆ ಗುಂಡಿ ಬಿದ್ದ ರಸ್ತೆಯಲ್ಲಿ ದಿನವೂ ಓಡಾಡುವ ಕಾರಿಗೆ ಈ ಮಾರ್ಪಾಡು ಹೊಂದದಿರಲು ಇದೊಂದೇ ಕಾರಣ ಸಾಕು.

ಒಂದು ವಿಷಯದಲ್ಲಿ ಕೈಬಲದ ಸ್ಟಿಯರಿಂಗಿಗೆ ಮೇಲುಗೈ ಇದೆ. ಎಂಜಿನ್ ನಿಂತರೂ ಅದು ಬದಲಾಗುವುದಿಲ್ಲ. ಡೀಸೆಲ್ ಉಳಿಸಲೆಂದು ಘಟ್ಟದ ಇಳಿಜಾರಿನಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಗಾಡಿ ಬಿಡುವ ಕೆಟ್ಟ ಚಾಳಿ ಕೆಲವರಲ್ಲಿದೆ. ಪವರ್ ಸ್ಟಿಯರಿಂಗ್ ಗಾಡಿಯಲ್ಲಿ ಹಾಗೆ ಮಾಡಿದರೆ ತಿರುವಿನ ನಡುವೆ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಸಹಾಯವೂ ಕೆಲವು ಒತ್ತಿಗೇ ಮುಗಿಯುತ್ತದೆ. ಮ್ಯಾನ್ಯುಯಲ್ ಸ್ಟಿಯರಿಂಗಿನಲ್ಲೂ ಬ್ರೇಕಿನ ಆ ಅಪಾಯ ಹಾಗೆಯೇ ಇರುತ್ತದೆ. ಶಿರಾಡಿಯಾಗಲಿ ಬಿಸಿಲೆಯಾಗಲಿ, ಘಟ್ಟ ಇಳಿಯಬೇಕಾದದ್ದು ಗೇರಿನಲ್ಲೇ.

ಇಲ್ಲಿಯವರೆಗಿನ ಮಾತೆಲ್ಲ ಎಣ್ಣೆಯ ಪವರ್ ಸ್ಟಿಯರಿಂಗಿನದು. ಇಂದಿನ ಹೆಚ್ಚಿನ ಕಾರುಗಳಲ್ಲಿರುವುದು ವಿದ್ಯುತ್ತಿನದು. ಅಲ್ಲಿ ಪಂಪಿಲ್ಲ, ಮೋಟಾರಿದೆ. 1988ರಲ್ಲಿ ಸುಜುಕಿಯ ಪುಟ್ಟ ಕಾರೊಂದರಲ್ಲಿ ಮೊದಲು ಬಂದ ಈ ವ್ಯವಸ್ಥೆ ಈಗ ಎಲ್ಲೆಡೆ ಹಬ್ಬಿದೆ. ಅದರ ಫ್ಯೂಸು ಕಿತ್ತರೆ ಸ್ಟಿಯರಿಂಗ್ ಮ್ಯಾನ್ಯುಯಲ್ ಆಗುತ್ತದೆಂಬುದು ತಪ್ಪು ತಿಳಿವಳಿಕೆ. ಮೋಟಾರೂ ಅದರ ಗೇರೂ ಅಲ್ಲೇ ಉಳಿದು, ಅವನ್ನೂ ಕೈಯೇ ತಿರುಗಿಸಬೇಕಾಗುತ್ತದೆ. ಕಾರು ಜಾರದಂತೆ ಕಾಯುವ ಕಂಪ್ಯೂಟರು ಸ್ಟಿಯರಿಂಗಿನ ಕೋನವನ್ನು ಓದುತ್ತಿರುತ್ತದೆ. ಒಂದನ್ನು ಕೆಡಿಸಿದರೆ ಇನ್ನೊಂದೂ ಕೆಡಬಹುದು. ಇಂಥ ಕಾರುಗಳಿಗೆ ಈ ಮಾರ್ಪಾಡು ಸಲ್ಲದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಮಿತಿ ಹಾಕಿದೆ. ನೋಂದಣಿ ಪತ್ರದ ವಿವರ ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಕಲೇಶಪುರದ ಕೆಎ 46 ಫಲಕ ಹೊತ್ತು ರಸ್ತೆಗಿಳಿಯುವ ಕಾರಿನ ಸ್ಟಿಯರಿಂಗಿಗೆ ಕೈ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಬರಹದಲ್ಲಿ ಕೇಳಿ ತಿಳಿಯಬೇಕು. ಸ್ಪರ್ಧೆಗೆಂದೇ ಮೀಸಲಾದ ಕಾರಿನ ಹಾದಿ ಬೇರೆ. ಅಲ್ಲಿ ಮೋಟಾರು ಕ್ರೀಡಾ ಒಕ್ಕೂಟದ ನಿಯಮಗಳು ಯಾವ ವರ್ಗದಲ್ಲಿ ಏನು ಬದಲಿಸಬಹುದೆಂದು ಹೇಳುತ್ತವೆ. ಓಟಕ್ಕೆ ಮೊದಲು ತಪಾಸಣೆಯೂ ನಡೆಯುತ್ತದೆ.

ಕೊನೆಯದಾಗಿ, ಕೂರಿಸಿದ ಮೇಲಿನ ಪರೀಕ್ಷೆ. ಮುಂದಿನ ಎರಡೂ ಚಕ್ರಗಳನ್ನು ಜಾಕಿನಲ್ಲಿ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಗಾಡಿ ನಿಲ್ಲಿಸಿ, ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಬೇಕು. ಎಲ್ಲೂ ಕಚ್ಚಬಾರದು. ಬ್ರೇಕಿನ ಹೋಸು ಎಲ್ಲೂ ಎಳೆಯಬಾರದು. ಎಡಕ್ಕೂ ಬಲಕ್ಕೂ ಸುತ್ತು ಸಮವಾಗಿರಬೇಕು. ಸ್ಟಿಯರಿಂಗ್ ದಂಡ ಪಿನಿಯನ್ನಿಗೆ ಸೇರುವ ಕಡೆಯ ಬೋಲ್ಟು, ಟೈ ರಾಡಿನ ಲಾಕ್ ನಟ್ಟು, ರ್‍ಯಾಕನ್ನು ಚಾಸಿಗೆ ಬಿಗಿದ ಕ್ಲಾಂಪು, ಈ ಮೂರನ್ನು ತಯಾರಕರು ಹೇಳಿದ ಅಳತೆಯಲ್ಲಿ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಹಾನುಬಾಳಿನ ಮಳೆಗೆ ಇನ್ನೊಂದು ಎಚ್ಚರ ಸೇರಬೇಕು. ರ್‍ಯಾಕಿನ ಎರಡು ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟುಗಳಿವೆ. ಬಿಚ್ಚಿ ಬೆಸೆದ ಪವರ್ ರ್‍ಯಾಕಾದರೆ ಎಣ್ಣೆ ಬರುತ್ತಿದ್ದ ತೂತುಗಳೂ ಉಳಿದಿರುತ್ತವೆ. ಅವನ್ನು ತೆರೆದಿಟ್ಟರೆ ಒಳಗಿನ ಗಾಳಿ ಹೋಗಿಬರುವಾಗ ಕೆಸರುನೀರನ್ನೂ ಎಳೆದುಕೊಳ್ಳುತ್ತದೆ. ಎರಡೂ ಬದಿಯ ತೂತುಗಳನ್ನು ಒಂದು ತುಂಡು ಕೊಳವೆಯಿಂದ ಸೇರಿಸಿದರೆ ಗಾಳಿ ಒಳಗೊಳಗೇ ಓಡಾಡುತ್ತದೆ, ನೀರು ಹೊರಗುಳಿಯುತ್ತದೆ. ಬೂಟು ಸೀಳಿದ್ದರೆ ಗ್ರೀಸು ತೊಳೆದುಹೋಗಿ, ಕಲ್ಲುಪುಡಿ ಸೇರಿ, ಹಲ್ಲು ಸವೆಯುತ್ತದೆ. ಪವರ್ ಸ್ಟಿಯರಿಂಗಿನಲ್ಲಿ ಎಣ್ಣೆಯ ಬಲ ಈ ಸವೆತವನ್ನು ಸ್ವಲ್ಪ ಕಾಲ ಮುಚ್ಚಿಡುತ್ತದೆ. ಇಲ್ಲಿ ಅದು ಬಿಗಿತವಾಗಿಯೋ ಪ್ಲೇಯಾಗಿಯೋ ಕೂಡಲೇ ಕೈಗೆ ತಾಕುತ್ತದೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ಬೂಟುಗಳನ್ನು ಬದಲಿಸಿ ಗ್ರೀಸು ತುಂಬಿಸಿಡಬೇಕು.